ಕಳೆನಾಶಕವೂ ಮಣ್ಣಿನ ಗುಣವೂ

ಕನ್ನಡದಲ್ಲಿ ‘ಕಳೆ’ ಎಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಬೆಳೆಯ ನಡುವೆ ಬೇಡದೆ ಹುಟ್ಟುವ ಸಸ್ಯವೆಂಬುದು ಒಂದು. ತೆಗೆದುಹಾಕು, ನೀಗು ಎಂಬ ಕ್ರಿಯಾರ್ಥವು ಇನ್ನೊಂದು. ಸಂಸ್ಕೃತದ ‘ಕಲಾ’ ಶಬ್ದದಿಂದ ತದ್ಭವವಾಗಿ ಬಂದ ಕಾಂತಿ ಎಂಬ ಅರ್ಥವು ಮತ್ತೊಂದು. ಹೊಲದ ಕಳೆಯನ್ನು ಕಳೆದರೆ ಬೆಳೆಗೆ ಕಳೆ ಬರುತ್ತದೆಯೆಂದು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು. ಒಕ್ಕಲುತನದ ಮುಖ್ಯ ಕೆಲಸಗಳಲ್ಲೊಂದು ಈ ವಾಕ್ಯದಲ್ಲಿ ಅಡಗಿದೆ. ಬಿತ್ತಿದವನು ಕಳೆ ತೆಗೆಯದಿದ್ದರೆ ಬೆಳೆದುಕೊಳ್ಳಲಾರನು.

ಹನ್ನೆರಡನೆಯ ಶತಮಾನದ ಶರಣರು ಬೇಸಾಯವನ್ನು ಕಾಯಕವೆಂದು ಎತ್ತಿಹಿಡಿದರು. ಒಕ್ಕಲಿಗ ಮುದ್ದಣ್ಣನಂತಹ ಶರಣರು ಹೊಲದ ಕೆಲಸವನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡರು. ಆ ಕಾಲದಿಂದ ಮೊನ್ನೆಮೊನ್ನೆಯವರೆಗೆ ಕಳೆಯನ್ನು ನೀಗಲು ರೈತನಿಗಿದ್ದ ಸಾಧನಗಳು ಕೈ, ಕುರ್ಪಿ, ಎಡೆಕುಂಟೆ ಮತ್ತು ಎತ್ತು ಮಾತ್ರ. ಇಂದು ಕೂಲಿಯಾಳುಗಳ ಅಭಾವದಿಂದಲೂ ಕೂಲಿಯ ದರದ ಏರಿಕೆಯಿಂದಲೂ ರೈತನು ಬೆನ್ನಿಗೆ ಸಿಂಪಡಿಸುವ ಯಂತ್ರವನ್ನು ಕಟ್ಟಿಕೊಂಡಿದ್ದಾನೆ. ಹತ್ತು ಹೆಣ್ಣಾಳುಗಳು ದಿನವೆಲ್ಲ ಬಾಗಿ ಮಾಡುತ್ತಿದ್ದ ಕೆಲಸವನ್ನು ಒಬ್ಬನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಾನೆ. ಇದರಿಂದಾದ ಅನುಕೂಲವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಒಂದು ಪ್ರಶ್ನೆಯು ಉಳಿಯುತ್ತದೆ. ಕಳೆಯನ್ನು ಕೊಂದ ಔಷಧವು ಆಮೇಲೆ ಎಲ್ಲಿಗೆ ಹೋಗುತ್ತದೆ? ಅದು ಮಣ್ಣಿನಲ್ಲಿ ಎಷ್ಟು ದಿನ ಉಳಿಯುತ್ತದೆ? ಮುಂಗಾರಿಯಲ್ಲಿ ಗೋವಿನಜೋಳಕ್ಕೆ ಹಾಕಿದ ಔಷಧವು ಹಿಂಗಾರಿಯ ಕಡಲೆಯನ್ನು ಸುಡಬಹುದೇ? ಕಡಲೆಯು ಹುಟ್ಟಿ ಎರಡು ವಾರಗಳಲ್ಲಿ ಹಳದಿಗೆ ತಿರುಗಿದಾಗ ರೈತನು ಬೀಜವನ್ನು ದೂರುತ್ತಾನೆ, ಮಳೆಯನ್ನು ದೂರುತ್ತಾನೆ, ಕೊನೆಗೆ ತನ್ನ ಹಣೆಬರಹವನ್ನು ದೂರುತ್ತಾನೆ. ನಾಲ್ಕು ತಿಂಗಳ ಹಿಂದೆ ತಾನೇ ಸಿಂಪಡಿಸಿದ ವಸ್ತುವು ಅವನ ನೆನಪಿಗೆ ಬರುವುದಿಲ್ಲ. ಮನುಷ್ಯನು ಮರೆತರೂ ಮಣ್ಣು ಮರೆತಿರುವುದಿಲ್ಲ. ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಳೆನಾಶಕಗಳ ಆಗಮನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ನಡೆದ ಸಂಶೋಧನೆಗಳ ಫಲವಾಗಿ 2,4-ಡಿ ಎಂಬ ವಸ್ತುವು ಬೆಳಕಿಗೆ ಬಂದು, 1940ರ ದಶಕದ ನಡುವಿನಲ್ಲಿ ಮಾರುಕಟ್ಟೆಯನ್ನು ಸೇರಿತು. ಅಗಲ ಎಲೆಯ ಕಳೆಗಳನ್ನು ಕೊಂದು, ಹುಲ್ಲಿನ ಜಾತಿಗೆ ಸೇರಿದ ಜೋಳ, ಗೋಧಿ, ಕಬ್ಬುಗಳನ್ನು ಉಳಿಸುವ ಅದರ ಗುಣವು ಅಂದಿನವರಿಗೆ ಅದ್ಭುತವೆನಿಸಿತು. 1950ರ ದಶಕದಲ್ಲಿ ಡೈಯುರಾನ್ ಮತ್ತು ಅಟ್ರಾಜಿನ್, 1962ರಲ್ಲಿ ಪ್ಯಾರಾಕ್ವಾಟ್, 1974ರಲ್ಲಿ ಗ್ಲೈಫೋಸೇಟ್, 1982ರಲ್ಲಿ ಕ್ಲೋರ್‌ಸಲ್ಫ್ಯೂರಾನ್ ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಭಾರತದಲ್ಲಿ ಇಂತಹ ವಸ್ತುಗಳ ನೋಂದಣಿ ಮತ್ತು ಮಾರಾಟವು 1968ರ ಕೀಟನಾಶಕ ಕಾಯಿದೆಗೆ ಒಳಪಟ್ಟಿತು. ಕಳೆಗಳ ಅಧ್ಯಯನಕ್ಕೆಂದೇ 1989ರಲ್ಲಿ ಜಬಲ್ಪುರದಲ್ಲಿ ರಾಷ್ಟ್ರೀಯ ಸಂಶೋಧನ ಕೇಂದ್ರವೊಂದು ಸ್ಥಾಪಿತವಾಯಿತು.

ಇವೆಲ್ಲವನ್ನೂ ರೈತನು ‘ಕಸದ ಎಣ್ಣೆ’, ‘ಕಳೆ ಔಷಧಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾನೆ. ಆದರೆ ಇವುಗಳ ಸ್ವಭಾವವು ಒಂದೇ ಅಲ್ಲ. ಕೆಲವು ಕೆಲವೇ ದಿನಗಳಲ್ಲಿ ಕರಗಿಹೋಗುತ್ತವೆ. ಕೆಲವು ವರ್ಷವಾದರೂ ನೆಲವನ್ನು ಬಿಡುವುದಿಲ್ಲ. ಒಂದೇ ಔಷಧವು ಒಂದು ಹೊಲದಲ್ಲಿ ಬೇಗನೆ ಅಳಿದು ಮತ್ತೊಂದರಲ್ಲಿ ಬಹುಕಾಲ ನಿಲ್ಲುವುದೂ ಉಂಟು.

ಅರ್ಧಾಯು ಎಂಬ ಅಳತೆ

ಮಣ್ಣಿಗೆ ಬಿದ್ದ ಔಷಧವು ಒಂದು ಗೊತ್ತಾದ ದಿನದಂದು ಇದ್ದಕ್ಕಿದ್ದಂತೆ ಇಲ್ಲವಾಗುವುದಿಲ್ಲ. ಅದು ಕ್ರಮಕ್ರಮವಾಗಿ ಕ್ಷೀಣಿಸುತ್ತದೆ. ಹಾಕಿದ ಪ್ರಮಾಣದಲ್ಲಿ ಅರ್ಧವು ಅಳಿಯಲು ಬೇಕಾದ ಕಾಲವನ್ನು ವಿಜ್ಞಾನಿಗಳು ‘ಅರ್ಧಾಯು’ ಎನ್ನುತ್ತಾರೆ. ಮೊದಲ ಅರ್ಧಾಯುವಿನಲ್ಲಿ ಅರ್ಧ, ಎರಡನೆಯದರಲ್ಲಿ ಉಳಿದುದರ ಅರ್ಧ ಎಂದರೆ ಮೂಲದ ಕಾಲುಭಾಗ, ಮೂರನೆಯದರಲ್ಲಿ ಎಂಟನೆಯ ಒಂದು ಭಾಗ ಉಳಿಯುತ್ತದೆ. ಐದು ಅರ್ಧಾಯುಗಳು ಕಳೆದಾಗ ನೂರಕ್ಕೆ ಮೂರು ಭಾಗ ಮಾತ್ರ ಶೇಷವಾಗಿರುತ್ತದೆ.

ಸಾಮಾನ್ಯವಾಗಿ ಶಾಸ್ತ್ರಗ್ರಂಥಗಳಲ್ಲಿ ಕೊಡುವ ಸರಾಸರಿಗಳು ಹೀಗಿವೆ. 2,4-ಡಿಯ ಅರ್ಧಾಯು ಸುಮಾರು 10 ದಿನ. ಗದ್ದೆಗೆ ಹಾಕುವ ಬ್ಯೂಟಾಕ್ಲೋರ್ ಸುಮಾರು ಎರಡು ವಾರ. ಗ್ಲೈಫೋಸೇಟ್ 47 ದಿನ. ಗೋವಿನಜೋಳ ಮತ್ತು ಕಬ್ಬಿಗೆ ಬಳಸುವ ಅಟ್ರಾಜಿನ್ 60 ದಿನ. ಈರುಳ್ಳಿ, ಶೇಂಗಾ, ಹತ್ತಿಗಳಿಗೆ ಬಳಸುವ ಪೆಂಡಿಮೆಥಾಲಿನ್ ಒಂದೂವರೆಯಿಂದ ಮೂರು ತಿಂಗಳು. ಸೋಯಾ ಅವರೆಗೆ ಬಳಸುವ ಇಮಾಜೆಥಾಪಿರ್ ಎರಡರಿಂದ ಮೂರು ತಿಂಗಳು. ಡೈಯುರಾನ್ 90 ದಿನ. ಪ್ಯಾರಾಕ್ವಾಟ್ ಸುಮಾರು 1,000 ದಿನ.

ಈ ಅಂಕೆಗಳನ್ನು ಪಂಚಾಂಗದ ತಿಥಿಗಳಂತೆ ನಿಶ್ಚಿತವೆಂದು ಭಾವಿಸತಕ್ಕದ್ದಲ್ಲ. ಇವು ಅನೇಕ ದೇಶಗಳ ಅನೇಕ ಮಣ್ಣುಗಳಿಂದ ತೆಗೆದ ಸರಾಸರಿಗಳು. ಗ್ಲೈಫೋಸೇಟಿನ ಅರ್ಧಾಯುವೇ ಒಂದು ಮಣ್ಣಿನಲ್ಲಿ ಕೆಲವೇ ದಿನಗಳಾದರೆ ಇನ್ನೊಂದರಲ್ಲಿ ಆರು ತಿಂಗಳನ್ನು ಮೀರುವುದುಂಟು. ಬೆಚ್ಚನೆಯ, ತೇವವುಳ್ಳ ನಮ್ಮ ನೆಲದಲ್ಲಿ ಅನೇಕ ಔಷಧಗಳು ಶೀತದೇಶಗಳಿಗಿಂತ ಬೇಗನೆ ಅಳಿಯುತ್ತವೆ.

ಒಂದು ಉದಾಹರಣೆಯಿಂದ ಇದರ ಮಹತ್ವವು ತಿಳಿಯುತ್ತದೆ. ಜೂನ್ ತಿಂಗಳ ನಡುವಿನಲ್ಲಿ ಗೋವಿನಜೋಳ ಬಿತ್ತಿ, ಹೆಕ್ಟೇರಿಗೆ ಒಂದು ಕಿಲೋಗ್ರಾಂ ಮೂಲವಸ್ತುವಿನಷ್ಟು ಅಟ್ರಾಜಿನ್ ಹಾಕಿದನೆನ್ನೋಣ. ಅಕ್ಟೋಬರ್ ನಡುವಿಗೆ 120 ದಿನಗಳು. ಅರ್ಧಾಯು 30 ದಿನಗಳಾಗಿರುವ ಹೊಲದಲ್ಲಿ ಆಗ ಉಳಿದಿರುವುದು ಸುಮಾರು 62 ಗ್ರಾಂ. ಅರ್ಧಾಯು 60 ದಿನಗಳಾಗಿರುವ ಹೊಲದಲ್ಲಿ 250 ಗ್ರಾಂ. ಔಷಧವೊಂದೇ, ದಿನಗಳೂ ಅಷ್ಟೇ. ಶೇಷವು ಮಾತ್ರ ನಾಲ್ಕು ಪಟ್ಟು. ಮೊದಲನೆಯ ಹೊಲದಲ್ಲಿ ಕಡಲೆ ಬದುಕೀತು, ಎರಡನೆಯದರಲ್ಲಿ ಅದಕ್ಕೆ ಅಪಾಯವುಂಟು.

ಅಳತೆ ತಪ್ಪಿ ಎರಡರಷ್ಟು ಹಾಕಿದರೆ ಏನಾಗುತ್ತದೆ? ಲೆಕ್ಕವು ಸುಲಭ. ಹೆಚ್ಚಿಗೆ ಹಾಕಿದ್ದು ಅಳಿದು ಮೊದಲಿನ ಪ್ರಮಾಣಕ್ಕೆ ಬರಲು ಇನ್ನೊಂದು ಅರ್ಧಾಯುವೇ ಬೇಕು. ಹತ್ತು ದಿನದ ಔಷಧದಲ್ಲಿ ಈ ತಪ್ಪಿಗೆ ಹತ್ತು ದಿನದ ದಂಡ. ಅರವತ್ತು ದಿನದ ಔಷಧದಲ್ಲಿ ಎರಡು ತಿಂಗಳ ದಂಡ. ಅರ್ಧಾಯು ಒಂದು ವರ್ಷವಿರುವ ಔಷಧವನ್ನು ಪ್ರತಿವರ್ಷ ಒಂದು ಕಿಲೋಗ್ರಾಂ ಹಾಕುತ್ತ ಹೋದರೆ ಹಳೆಯ ಶೇಷವೂ ಹೊಸದೂ ಕೂಡಿ, ಕೆಲವು ವರ್ಷಗಳಲ್ಲಿ ಹಾಕಿದ ದಿನ ನೆಲದಲ್ಲಿರುವುದು ಎರಡು ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆ. ರೈತನು ಒಂದನ್ನು ಹಾಕಿದೆನೆಂದು ತಿಳಿದಿರುತ್ತಾನೆ, ನೆಲದಲ್ಲಿ ಎರಡಿರುತ್ತದೆ.

ಮಣ್ಣಿನೊಳಗೆ ನಡೆಯುವ ವ್ಯಾಪಾರ

ಔಷಧವು ಅಳಿಯುವ ಮಾರ್ಗಗಳು ನಾಲ್ಕಾರು. ಸ್ವಲ್ಪ ಭಾಗವು ಬಿಸಿಲಿಗೆ ಒಡೆಯುತ್ತದೆ. ಸ್ವಲ್ಪ ಭಾಗವು ಆವಿಯಾಗುತ್ತದೆ. ಸ್ವಲ್ಪವು ಗಿಡಗಳ ಒಡಲನ್ನು ಸೇರುತ್ತದೆ. ಸ್ವಲ್ಪವು ಮಳೆಯ ನೀರಿನೊಡನೆ ಹೊಲದಿಂದ ಹರಿದುಹೋಗುತ್ತದೆ ಅಥವಾ ಆಳಕ್ಕೆ ಇಳಿಯುತ್ತದೆ. ಈ ಕೊನೆಯದು ನಾಶವಲ್ಲ, ಸ್ಥಳಾಂತರ ಮಾತ್ರ. ಒಬ್ಬನ ಹೊಲದಿಂದ ಹೋದದ್ದು ಇನ್ನೊಬ್ಬನ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು.

ನಿಜವಾದ ನಾಶಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ಸೂಕ್ಷ್ಮಾಣುಜೀವಿಗಳು. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಿಗಳಿದ್ದು, ಅವು ಔಷಧದ ಅಣುವನ್ನು ಒಡೆದು ಆಹಾರವಾಗಿ ಬಳಸಿಕೊಳ್ಳುತ್ತವೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಆಡಸ್ 1949ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯವಾದ ಸಂಗತಿಯು ಕಂಡುಬಂದಿತು. ಮೊದಲ ಬಾರಿ 2,4-ಡಿಯನ್ನು ಮಣ್ಣಿಗೆ ಉಣಿಸಿದಾಗ ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಅದು ವೇಗವಾಗಿ ಅಳಿಯಿತು. ಅದೇ ಮಣ್ಣಿಗೆ ಮತ್ತೆ ಉಣಿಸಿದಾಗ ಕಾಯುವ ಕಾಲವೇ ಇರಲಿಲ್ಲ. ಮಣ್ಣಿನ ಜೀವಿಗಳು ಹೊಸ ಆಹಾರವನ್ನು ಉಣ್ಣಲು ಕಲಿತುಕೊಂಡಿದ್ದವು. 1995ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು ಅಟ್ರಾಜಿನನ್ನೇ ಆಹಾರವಾಗಿ ಉಳ್ಳ ಒಂದು ಬ್ಯಾಕ್ಟೀರಿಯವನ್ನು ವರ್ಣಿಸಿದರು. ಅದನ್ನು ಪಡೆದದ್ದು ಆ ಔಷಧವು ಚೆಲ್ಲಿದ ನೆಲದಿಂದಲೇ ಎಂಬುದು ಗಮನಾರ್ಹ.

ಎರಡನೆಯ ಕಾರಣವು ಕೇವಲ ರಾಸಾಯನಿಕವಾದುದು. ನೀರಿನ ಸಂಪರ್ಕದಿಂದ ಅಣುವು ತಾನಾಗಿ ಒಡೆಯುವುದುಂಟು. ಈ ಕ್ರಿಯೆಯ ವೇಗವು ಮಣ್ಣಿನ ಹುಳಿ ಕ್ಷಾರಗಳನ್ನು, ಎಂದರೆ ರಸಸಾರವನ್ನು ಅವಲಂಬಿಸಿದೆ. ಅಟ್ರಾಜಿನ್ ಮತ್ತು ಸಲ್ಫೊನೈಲ್‌ಯೂರಿಯ ಗುಂಪಿನ ಔಷಧಗಳು ಹುಳಿ ಮಣ್ಣಿನಲ್ಲಿ ಬೇಗನೆ ಒಡೆಯುತ್ತವೆ, ಕ್ಷಾರ ಮಣ್ಣಿನಲ್ಲಿ ನಿಧಾನವಾಗಿ.

ಇವುಗಳ ಜೊತೆಗೆ ಹೀರಿಕೆ ಎಂಬ ಇನ್ನೊಂದು ವ್ಯಾಪಾರವಿದೆ. ಜೇಡಿಯ ಕಣಗಳೂ ಕೊಳೆತ ಸಾವಯವ ಪದಾರ್ಥವೂ ಔಷಧವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಅಂಟಿದ ಔಷಧವು ಬೇರಿಗೆ ಸಿಕ್ಕುವುದಿಲ್ಲ. ಆದರೆ ಅದನ್ನು ಒಡೆಯಬೇಕಾದ ಸೂಕ್ಷ್ಮಾಣುಗಳಿಗೂ ಸಿಕ್ಕುವುದಿಲ್ಲ. ಹೀಗಾಗಿ ಅಂಟಿದ್ದು ನಿರುಪದ್ರವಿಯೂ ಹೌದು, ಚಿರಂಜೀವಿಯೂ ಹೌದು. ಪ್ಯಾರಾಕ್ವಾಟ್ ಇದಕ್ಕೆ ಉತ್ತಮ ನಿದರ್ಶನ. ಮಣ್ಣಿಗೆ ಬಿದ್ದೊಡನೆ ಅದು ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡು, ಮರುದಿನ ಬಿತ್ತಿದರೂ ಬೆಳೆಗೆ ತೊಂದರೆ ಮಾಡುವುದಿಲ್ಲ. ಆದರೆ ವರ್ಷಗಳ ನಂತರವೂ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಆದುದರಿಂದ ‘ಎಷ್ಟು ದಿನ ಇರುತ್ತದೆ’ ಮತ್ತು ‘ಎಷ್ಟು ದಿನ ಕೆಡುಕು ಮಾಡುತ್ತದೆ’ ಎಂಬ ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕು.

ಎರೆ, ಮಸಾರಿ ಮತ್ತು ಜಂಬಿಟ್ಟಿಗೆ

ಕರ್ನಾಟಕದ ನೆಲದಲ್ಲಿ ಮುಖ್ಯವಾಗಿ ಮೂರು ಬಗೆಯ ಮಣ್ಣುಗಳಿವೆ. ಉತ್ತರದ ಬಯಲುನಾಡಿನಲ್ಲಿ ಎರೆ ಎಂದರೆ ಕಪ್ಪುಮಣ್ಣು. ದಕ್ಷಿಣದ ಮೈದಾನದಲ್ಲಿಯೂ ಉತ್ತರದ ಹಲವೆಡೆಗಳಲ್ಲಿಯೂ ಮಸಾರಿ ಎಂದರೆ ಕೆಂಪುಮಣ್ಣು. ಮಲೆನಾಡು ಮತ್ತು ಕರಾವಳಿಯಲ್ಲಿ ಜಂಬಿಟ್ಟಿಗೆ ಮಣ್ಣು. ಪ್ರತಿಯೊಂದೂ ಔಷಧದೊಡನೆ ತನ್ನದೇ ಆದ ರೀತಿಯಲ್ಲಿ ವ್ಯವಹರಿಸುತ್ತದೆ.

ಎರೆಮಣ್ಣಿನಲ್ಲಿ ಜೇಡಿಯ ಅಂಶವು ನೂರಕ್ಕೆ ನಲವತ್ತರಿಂದ ಅರವತ್ತರಷ್ಟಿದ್ದು, ಆ ಜೇಡಿಯು ಬಹುಮಟ್ಟಿಗೆ ಮಾಂಟ್‌ಮೊರಿಲೊನೈಟ್ ಜಾತಿಯದು. ನೀರು ಕುಡಿದು ಉಬ್ಬುವುದು, ಒಣಗಿದಾಗ ಬಿರಿಯುವುದು ಅದರ ಸ್ವಭಾವ. ಸುಣ್ಣದ ಅಂಶವಿರುವುದರಿಂದ ಈ ಮಣ್ಣು ಸಾಮಾನ್ಯವಾಗಿ ಕ್ಷಾರೀಯ. ರಸಸಾರವು ಎಂಟರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಪ್ಯಾರಾಕ್ವಾಟಿನಂತಹ ಔಷಧವು ಬಿದ್ದ ಕ್ಷಣವೇ ಬಂಧಿತವಾಗುತ್ತದೆ. ಅಟ್ರಾಜಿನಿನ ಗತಿಯು ಬೇರೆ. ಕ್ಷಾರದಲ್ಲಿ ಅದು ಜೇಡಿಗೆ ಬಲವಾಗಿ ಅಂಟಿಕೊಳ್ಳುವುದೂ ಇಲ್ಲ, ನೀರಿನಿಂದ ಬೇಗನೆ ಒಡೆಯುವುದೂ ಇಲ್ಲ. ಆದ್ದರಿಂದ ಬೇರಿಗೆ ಸಿಕ್ಕುವ ಸ್ಥಿತಿಯಲ್ಲಿಯೇ ಹೆಚ್ಚು ದಿನ ಇರುತ್ತದೆ. ಗೋವಿನಜೋಳದ ಹಿಂದೆ ಕಡಲೆಯನ್ನು ಬಿತ್ತುವ ರೂಢಿಯೂ ಎರೆಭೂಮಿಯದೇ ಆಗಿರುವುದರಿಂದ ಎಚ್ಚರವು ಇಲ್ಲಿ ಹೆಚ್ಚು ಬೇಕು. ಗೋವಿನಜೋಳದ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಹಾಕುವವರಂತೂ ಅಟ್ರಾಜಿನಿನ ಗೊಡವೆಗೆ ಹೋಗಲೇಬಾರದು. ಎರೆಯ ಇನ್ನೊಂದು ಲಕ್ಷಣವೆಂದರೆ ಬಿರುಕುಗಳು. ಬೇಸಿಗೆಯಲ್ಲಿ ಬಾಯಿ ತೆರೆದ ನೆಲಕ್ಕೆ ಮೊದಲ ದೊಡ್ಡ ಮಳೆ ಬಿದ್ದಾಗ ಮೇಲಿನ ಔಷಧವು ನೀರಿನೊಡನೆ ಬಿರುಕಿನ ಮೂಲಕ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಕೆಳಪದರದಲ್ಲಿ ಸೂಕ್ಷ್ಮಾಣುಗಳು ವಿರಳವಾದ್ದರಿಂದ ಅಲ್ಲಿ ಸೇರಿದ್ದು ಬಹುಕಾಲ ಉಳಿಯುತ್ತದೆ.

ಮಸಾರಿ ಮಣ್ಣು ಹಗುರವಾದುದು. ಮರಳಿನ ಅಂಶವು ಹೆಚ್ಚು, ಜೇಡಿ ಕಡಿಮೆ. ಆ ಜೇಡಿಯೂ ಉಬ್ಬದಿರುವ ಕೆಯೊಲಿನೈಟ್ ಜಾತಿಯದು. ಸಾವಯವ ಪದಾರ್ಥವೂ ಸಾಮಾನ್ಯವಾಗಿ ಅಲ್ಪ. ರಸಸಾರವು ಬಹುಕಡೆ ತುಸು ಹುಳಿಯಿಂದ ತಟಸ್ಥದವರೆಗೆ. ಇಂತಹ ನೆಲಕ್ಕೆ ಔಷಧವನ್ನು ಹಿಡಿದಿಡುವ ಶಕ್ತಿಯು ಕಡಿಮೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ಹಿಡಿತವಿಲ್ಲದ ಕಾರಣ ಸ್ವಲ್ಪ ಔಷಧವೇ ಬಲವಾಗಿ ಕೆಲಸಮಾಡುತ್ತದೆ. ಎರೆಗೆ ಹೇಳಿದ ಅಳತೆಯನ್ನು ಮಸಾರಿಗೆ ಹಾಕಿದರೆ ಬೆಳೆಯೇ ಸುಟ್ಟೀತು. ಅಟ್ರಾಜಿನಿಗೆ ಹೆಕ್ಟೇರಿಗೆ ಅರ್ಧದಿಂದ ಒಂದು ಕಿಲೋಗ್ರಾಂ ಮೂಲವಸ್ತುವೆಂದು ಒಂದು ವ್ಯಾಪ್ತಿಯನ್ನೇ ಹೇಳಿರುವ ಮರ್ಮವು ಇದು. ಹಗುರ ಮಣ್ಣಿಗೆ ಕೆಳಗಿನ ಅಳತೆ, ಭಾರ ಮಣ್ಣಿಗೆ ಮೇಲಿನ ಅಳತೆ. ಎರಡನೆಯದಾಗಿ, ಜೋರಾದ ಮಳೆಯು ಔಷಧವನ್ನು ಆಳಕ್ಕೆ ತೊಳೆಯುತ್ತದೆ. ಮೇಲಿನ ಮಣ್ಣು ಬೇಗನೆ ಶುದ್ಧವಾದಂತೆ ಕಂಡರೂ ಅದರಲ್ಲಿ ಒಂದಂಶವು ಅಂತರ್ಜಲದ ಕಡೆಗೆ ಸಾಗಿರುತ್ತದೆ. ಕುಡಿಯುವ ನೀರಿಗೆ ಕೊಳವೆಬಾವಿಯನ್ನೇ ನಂಬಿರುವ ಗ್ರಾಮಗಳಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ಜಂಬಿಟ್ಟಿಗೆ ಮಣ್ಣು ಹುಳಿಯಾದುದು. ಹೆಚ್ಚು ಮಳೆಯಿಂದ ಸುಣ್ಣವು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು ಉಳಿದಿರುತ್ತವೆ. ಕಾಫಿ, ಅಡಕೆ ತೋಟಗಳಲ್ಲಿ ಬಳಕೆಗೆ ಬಂದಿರುವ ಗ್ಲೈಫೋಸೇಟ್ ಈ ಆಕ್ಸೈಡುಗಳಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ರಂಜಕದ ಗೊಬ್ಬರವೂ ಅದೇ ಸ್ಥಾನಗಳಿಗೆ ಅಂಟುವಂತಹುದು. ಆದ್ದರಿಂದ ರಂಜಕವನ್ನು ಧಾರಾಳವಾಗಿ ಹಾಕಿದರೆ ಅಂಟಿದ್ದ ಗ್ಲೈಫೋಸೇಟಿನ ಒಂದಂಶವು ಬಿಡುಗಡೆಯಾಗುವ ಸಂಭವವುಂಟು. ಗ್ಲೈಫೋಸೇಟ್ ಅಳಿದಾಗ ಹುಟ್ಟುವ ಆಂಪಾ ಎಂಬ ವಸ್ತುವು ತಾಯಿವಸ್ತುವಿಗಿಂತ ಹೆಚ್ಚು ಕಾಲ ನೆಲದಲ್ಲಿರುತ್ತದೆ.

ಹುಳಿಮಣ್ಣು ಎಲ್ಲ ಔಷಧಗಳನ್ನೂ ಬೇಗನೆ ಅಳಿಸುತ್ತದೆಂದು ತಿಳಿಯಬಾರದು. ಅಟ್ರಾಜಿನ್ ಇಲ್ಲಿ ಬೇಗನೆ ಒಡೆದರೆ, ಇಮಾಜೆಥಾಪಿರ್ ಇದಕ್ಕೆ ತದ್ವಿರುದ್ಧ. ಹುಳಿಯಲ್ಲಿ ಅದು ಮಣ್ಣಿಗೆ ಹೆಚ್ಚು ಅಂಟಿಕೊಂಡು, ಸೂಕ್ಷ್ಮಾಣುಗಳಿಗೆ ಸಿಕ್ಕದೆ ದೀರ್ಘಕಾಲ ಉಳಿಯುತ್ತದೆ. ಆದ್ದರಿಂದ ‘ಈ ಮಣ್ಣು ಒಳ್ಳೆಯದು, ಆ ಮಣ್ಣು ಕೆಟ್ಟದು’ ಎಂಬ ತೀರ್ಪಿಗೆ ಅವಕಾಶವಿಲ್ಲ. ಯಾವ ಔಷಧ, ಯಾವ ಮಣ್ಣು ಎಂಬ ಎರಡನ್ನೂ ಕೂಡಿಸಿಯೇ ಹೇಳಬೇಕು.

ತೇವ, ಬಿಸಿಲು ಮತ್ತು ನಿಂತ ನೀರು

ಮಣ್ಣಿನ ಜಾತಿಯಷ್ಟೇ ಮುಖ್ಯವಾದುದು ಅದರ ತೇವ. ಉಷ್ಣತೆಯು ಹತ್ತು ಡಿಗ್ರಿಯಷ್ಟು ಏರಿದಾಗ ಔಷಧವು ಅಳಿಯುವ ವೇಗವು ಸುಮಾರು ಎರಡರಷ್ಟಾಗುತ್ತದೆಯೆಂದು ಸ್ಥೂಲವಾಗಿ ಹೇಳುವುದುಂಟು. ಹಾಗಾದರೆ ನಮ್ಮ ಬೇಸಿಗೆಯಲ್ಲಿ ಎಲ್ಲವೂ ಅಳಿದುಹೋಗಬೇಕಲ್ಲವೇ? ಹಾಗಾಗುವುದಿಲ್ಲ. ನೆಲವು ಒಣಗಿದೊಡನೆ ಸೂಕ್ಷ್ಮಾಣುಗಳು ನಿದ್ರಿಸುತ್ತವೆ. ನೀರಿಲ್ಲದೆ ರಾಸಾಯನಿಕ ಕ್ರಿಯೆಯೂ ನಿಲ್ಲುತ್ತದೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಣಗಿ ಬಿರಿದ ಖುಷ್ಕಿ ಹೊಲದಲ್ಲಿ ನಾಲ್ಕು ತಿಂಗಳು ಕಳೆದರೂ, ಔಷಧದ ಲೆಕ್ಕದಲ್ಲಿ ಅಲ್ಪಕಾಲವೇ ಸರಿದಿರುತ್ತದೆ. ಆದ್ದರಿಂದ ಬರಗಾಲದ ವರ್ಷವು ಎರಡು ಬಗೆಯಲ್ಲಿ ರೈತನನ್ನು ಕಾಡುತ್ತದೆ: ಮುಂಗಾರಿ ಬೆಳೆಯನ್ನು ಒಣಗಿಸುತ್ತದೆ, ಆ ಬೆಳೆಗೆ ಹಾಕಿದ ಔಷಧವನ್ನು ಹಿಂಗಾರಿಗೆ ಕಾಪಿಡುತ್ತದೆ. ಮಳೆ ಚೆನ್ನಾದ ವರ್ಷ ನಿರಪಾಯವಾಗಿದ್ದ ಕ್ರಮವೇ ಮಳೆ ಕೈಕೊಟ್ಟ ವರ್ಷ ಹಾನಿಕರವಾಗುವುದು ಹೀಗೆ.

ನೀರು ನಿಂತ ಗದ್ದೆಯ ಸ್ಥಿತಿಯು ಇನ್ನೊಂದು ಬಗೆಯದು. ಅಲ್ಲಿ ಗಾಳಿಯಾಡುವುದಿಲ್ಲ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳದೇ ರಾಜ್ಯ. ಪೆಂಡಿಮೆಥಾಲಿನ್, ಟ್ರೈಫ್ಲುರಾಲಿನ್‌ಗಳಂತಹ ಔಷಧಗಳು ಈ ಸ್ಥಿತಿಯಲ್ಲಿ ಬೇಗನೆ ರೂಪಾಂತರ ಹೊಂದುತ್ತವೆ. 2,4-ಡಿಯು ಇದಕ್ಕೆ ವ್ಯತಿರಿಕ್ತವಾಗಿ, ಗಾಳಿಯಾಡುವ ನೆಲಕ್ಕಿಂತ ನಿಧಾನವಾಗಿ ಅಳಿಯುತ್ತದೆ.

ಸ್ವಲ್ಪವೇ ಆದರೂ ಸಾಕು

ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕವು ಸುಮಾರು 20 ಲಕ್ಷ ಕಿಲೋಗ್ರಾಂ. ಅದರಲ್ಲಿ ಒಂದು ಕಿಲೋಗ್ರಾಂ ಔಷಧವು ಬೆರೆತರೆ, ಪ್ರತಿ ಕಿಲೋಗ್ರಾಂ ಮಣ್ಣಿಗೆ ಅರ್ಧ ಮಿಲಿಗ್ರಾಂ ಮಾತ್ರ. ಇಷ್ಟು ಅಲ್ಪವೂ ಕಳೆಯನ್ನು ಕೊಲ್ಲಬಲ್ಲುದು. ಸಲ್ಫೊನೈಲ್‌ಯೂರಿಯ ಗುಂಪಿನವು ಇನ್ನೂ ತೀಕ್ಷ್ಣ. ಅವುಗಳ ಅಳತೆಯೇ ಹೆಕ್ಟೇರಿಗೆ ಕೆಲವು ಗ್ರಾಂಗಳಿಂದ ಕೆಲವು ಹತ್ತು ಗ್ರಾಂಗಳು. ಕ್ಲೋರ್‌ಸಲ್ಫ್ಯೂರಾನಿನ ಸರಾಸರಿ ಅರ್ಧಾಯು ಬಹಳ ದೀರ್ಘವೇನಲ್ಲ, ಒಂದೂವರೆ ತಿಂಗಳ ಒಳಗೆ. ಹಾಗಿದ್ದರೂ ಉತ್ತರ ಅಮೆರಿಕದ ಗೋಧಿಯ ನಾಡಿನ ಕ್ಷಾರಭೂಮಿಗಳಲ್ಲಿ ಅದರ ಲೇಶವು ಎರಡು ಮೂರು ವರ್ಷಗಳ ನಂತರವೂ ಸೂಕ್ಷ್ಮ ಬೆಳೆಗಳಿಗೆ ಹಾನಿ ಮಾಡಿತು. ಕ್ಷಾರದಲ್ಲಿ ಅದು ನಿಧಾನವಾಗಿ ಒಡೆಯುವುದು ಒಂದು ಕಾರಣ. ನೂರಕ್ಕೊಂದು ಭಾಗವು ಉಳಿದರೂ ಕೆಲವು ಬೆಳೆಗಳಿಗೆ ಅದೇ ವಿಷವಾಗುವುದು ಇನ್ನೊಂದು ಕಾರಣ. ಅರ್ಧಾಯುವನ್ನು ಮಾತ್ರ ನೋಡಿ ನಿಶ್ಚಿಂತರಾಗುವಂತಿಲ್ಲ. ಮುಂದಿನ ಬೆಳೆಯ ಸೂಕ್ಷ್ಮತೆಯನ್ನೂ ನೋಡಬೇಕು.

ಪರದೇಶಗಳ ಪಾಠ

ಯುರೋಪಿನ ಜರ್ಮನಿಯು ಅಟ್ರಾಜಿನನ್ನು 1991ರಲ್ಲಿಯೇ ನಿಷೇಧಿಸಿತು. ಯುರೋಪಿನ ಒಕ್ಕೂಟವು 2000ದ ದಶಕದ ಮೊದಲಲ್ಲಿ ಅದನ್ನು ಕೈಬಿಟ್ಟಿತು. ಅಂತರ್ಜಲದಲ್ಲಿ ಅದು ಒಕ್ಕೂಟದ ಮಿತಿಯನ್ನು, ಎಂದರೆ ಲೀಟರಿಗೆ 0.1 ಮೈಕ್ರೋಗ್ರಾಂ ಪ್ರಮಾಣವನ್ನು ಮೀರಿದುದೇ ಇದಕ್ಕೆ ಕಾರಣ. ಬಳಕೆ ನಿಂತು ದಶಕಗಳಾದ ಮೇಲೂ ಅಲ್ಲಿನ ಅಂತರ್ಜಲದಲ್ಲಿ ಅದರ ಕುರುಹುಗಳು ಸಿಕ್ಕಿವೆ. ಮೇಲ್ಮಣ್ಣಿನಲ್ಲಿ ತಿಂಗಳುಗಳ ಆಯುಷ್ಯವುಳ್ಳದ್ದು ಕತ್ತಲೆಯ, ತಂಪಾದ ಆಳದಲ್ಲಿ ದಶಕಗಳ ಆಯುಷ್ಯವನ್ನು ಪಡೆಯಿತು. ಭಾರತದಲ್ಲಿಯೂ ಆಲಾಕ್ಲೋರ್ ಎಂಬ ಕಳೆನಾಶಕವನ್ನು ಸರಕಾರವು 2018ರ ಆದೇಶದಿಂದ 2020ರ ಕೊನೆಗೆ ನಿಲ್ಲಿಸಿತು.

ಬ್ರಿಟನ್ನಿನಲ್ಲಿ 2008ರಲ್ಲಿ ನಡೆದ ಸಂಗತಿಯು ಗೊಬ್ಬರವನ್ನು ನಂಬುವ ಎಲ್ಲರೂ ತಿಳಿಯತಕ್ಕದ್ದು. ಅಮಿನೊಪೈರಾಲಿಡ್ ಎಂಬ ಔಷಧವನ್ನು ಹುಲ್ಲುಗಾವಲಿಗೆ ಸಿಂಪಡಿಸಿದ್ದರು. ಆ ಹುಲ್ಲನ್ನು ತಿಂದ ದನಗಳಿಗೆ ಏನೂ ಆಗಲಿಲ್ಲ. ಆದರೆ ಔಷಧವು ಅವುಗಳ ಸಗಣಿಯಲ್ಲಿ ಹಾಗೆಯೇ ಹೊರಬಂದು, ಆ ಗೊಬ್ಬರವನ್ನು ಹಾಕಿದ ಕೈತೋಟಗಳಲ್ಲಿ ಟೊಮೇಟೊ, ಹುರುಳಿಕಾಯಿ, ಆಲೂಗಡ್ಡೆಯ ಗಿಡಗಳು ಮುರುಟಿಕೊಂಡವು. ಆ ವರ್ಷ ಅದರ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ವಿಯೆಟ್ನಾಮಿನ ಕಥೆಯು ಇನ್ನೂ ಘೋರ. 1962ರಿಂದ 1971ರವರೆಗೆ ಅಮೆರಿಕದ ಸೈನ್ಯವು ಅಲ್ಲಿನ ಕಾಡುಗಳ ಮೇಲೆ ಕಳೆನಾಶಕಗಳನ್ನು ಸುರಿಯಿತು. ಅವುಗಳಲ್ಲಿ ಕುಖ್ಯಾತವಾದುದು 2,4-ಡಿ ಮತ್ತು 2,4,5-ಟಿಗಳ ಮಿಶ್ರಣ. ಆ ಎರಡು ಔಷಧಗಳು ಬೇಗನೆ ಅಳಿದವು. ಆದರೆ 2,4,5-ಟಿಯ ತಯಾರಿಕೆಯಲ್ಲಿ ಕಲಬೆರಕೆಯಾಗಿ ಸೇರಿದ್ದ ಡಯಾಕ್ಸಿನ್ ಎಂಬ ಮಹಾವಿಷವು ಅಳಿಯಲಿಲ್ಲ. ಡನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ಶುದ್ಧೀಕರಿಸುವ ಕೆಲಸವು ಮುಗಿದದ್ದು 2018ರಲ್ಲಿ. ಔಷಧದ ಆಯುಷ್ಯವು ಒಂದು, ಅದರ ಕಲ್ಮಷದ ಆಯುಷ್ಯವೇ ಇನ್ನೊಂದು.

ಕುಂಡದಲ್ಲಿ ಪರೀಕ್ಷೆ

ಶೇಷವನ್ನು ಅಳೆಯುವ ಯಂತ್ರಗಳು ಪ್ರಯೋಗಾಲಯಗಳಲ್ಲಿವೆ. ಆದರೆ ಬಿತ್ತನೆಗೆ ಮುಂಚೆ ಪ್ರತಿಯೊಬ್ಬ ರೈತನೂ, ಯಾವ ಪ್ರೌಢಶಾಲೆಯಾದರೂ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದುಂಟು. ಔಷಧ ಹಾಕಿದ ಹೊಲದ ಎಂಟು ಹತ್ತು ಕಡೆಗಳಿಂದ ಒಂದು ಗೇಣು ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ ಮೂರು ನಾಲ್ಕು ಕುಂಡಗಳಲ್ಲಿ ತುಂಬಬೇಕು. ಔಷಧ ಕಾಣದ ಬದುವಿನ ಅದೇ ಜಾತಿಯ ಮಣ್ಣನ್ನು ಅಷ್ಟೇ ಕುಂಡಗಳಲ್ಲಿ ತುಂಬಬೇಕು. ಎರಡರಲ್ಲಿಯೂ ಮುಂದೆ ಬಿತ್ತಬೇಕೆಂದಿರುವ ಬೆಳೆಯ ಹತ್ತು ಬೀಜಗಳನ್ನೂ, ಸೂಕ್ಷ್ಮವಾದ ಸೌತೆ ಅಥವಾ ಸಾಸಿವೆಯ ಬೀಜಗಳನ್ನೂ ಊರಿ, ಒಂದೇ ಬಿಸಿಲಿನಲ್ಲಿಟ್ಟು, ಒಂದೇ ಸಮನಾಗಿ ನೀರು ಹಾಕಿ ಮೂರು ವಾರ ಗಮನಿಸಬೇಕು.

ಮೊಳೆತ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಅಟ್ರಾಜಿನ್ ಇರುವ ಮಣ್ಣಿನಲ್ಲಿ ಸಸಿಯು ಚೆನ್ನಾಗಿಯೇ ಹುಟ್ಟುತ್ತದೆ. ಬೀಜದೊಳಗಿನ ಬುತ್ತಿ ಮುಗಿದು ಎಲೆಯು ತಾನೇ ಆಹಾರ ಮಾಡಿಕೊಳ್ಳಬೇಕಾದಾಗ ಅಂಚು ಹಳದಿಯಾಗಿ ಒಣಗಲಾರಂಭಿಸುತ್ತದೆ. ಪೆಂಡಿಮೆಥಾಲಿನ್ ಇದ್ದರೆ ಬೇರು ಮೋಟಾಗಿ, ತುದಿ ಊದಿಕೊಂಡಿರುತ್ತದೆ. ಸಸಿಯನ್ನು ಕಿತ್ತು ನೋಡಬೇಕು. 2,4-ಡಿ ಇದ್ದರೆ ಕಾಂಡವು ತಿರುಚಿಕೊಳ್ಳುತ್ತದೆ. ಎರಡು ಸಾಲು ಕುಂಡಗಳಲ್ಲಿ ಭೇದವಿಲ್ಲದಿದ್ದರೆ ಬಿತ್ತಬಹುದು. ಭೇದವು ಕಂಡರೆ ಆ ಔಷಧವನ್ನು ತಾಳುವ ಬೆಳೆಯನ್ನು ಆರಿಸಬೇಕು. ಅಟ್ರಾಜಿನಿನ ನಂತರ ಜೋಳ, ಗೋವಿನಜೋಳ, ಕಬ್ಬುಗಳು ಬರುತ್ತವೆ. ಕಾಳಿನ ಬೆಳೆಗಳು ಬಾರವು. ಕೆಲವು ಸೇರು ಬೀಜ ಮತ್ತು ಒಂದು ಹಂಗಾಮನ್ನು ಉಳಿಸುವ ಈ ಪರೀಕ್ಷೆಗೆ ಬೇಕಾದುದು ಹಳೆಯ ಡಬ್ಬಿಗಳು ಮತ್ತು ತಾಳ್ಮೆ.

ರೈತನು ಪಾಲಿಸಬೇಕಾದ ಕ್ರಮ

ಮೇಲಿನ ವಿಚಾರಗಳಿಂದ ಕೆಲವು ಸೂತ್ರಗಳು ತಾವಾಗಿ ಹೊರಡುತ್ತವೆ. ಡಬ್ಬಿಯೊಡನೆ ಬರುವ ಹಾಳೆಯನ್ನು ಓದಿಸಿಕೊಂಡು, ಮುಂದಿನ ಬೆಳೆಗೆ ಎಷ್ಟು ದಿನ ಬಿಡಬೇಕೆಂಬುದನ್ನು ತಿಳಿಯಬೇಕು. ಅಳತೆಯನ್ನು ಮಣ್ಣಿಗೆ ತಕ್ಕಂತೆ ಹಿಡಿಯಬೇಕು. ‘ಇನ್ನೊಂದು ಮುಚ್ಚಳ ಇರಲಿ’ ಎಂಬ ಔದಾರ್ಯವು ಇಲ್ಲಿ ಸಲ್ಲದು. ಯಾವ ದಿನ, ಯಾವ ಹೊಲಕ್ಕೆ, ಯಾವ ಔಷಧವನ್ನು ಎಷ್ಟು ಹಾಕಿದೆನೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವರ್ಷವರ್ಷವೂ ಒಂದೇ ಔಷಧವನ್ನು ಬಳಸಬಾರದು. ಬಾವಿಯ ಸುತ್ತಲೂ, ಮಸಾರಿಯಲ್ಲಿ ದೊಡ್ಡ ಮಳೆಯ ಲಕ್ಷಣವಿರುವಾಗಲೂ ಸಿಂಪಡಿಸಬಾರದು. ಯಂತ್ರ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬಾರದು. ಶೇಷದ ಶಂಕೆಯಿದ್ದರೆ ಆಳವಾಗಿ ಉತ್ತು ಬೆರೆಸಬೇಕು. ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಹಾಕಬೇಕು; ಅದು ಔಷಧವನ್ನು ಹೀರಿ ಹಿಡಿಯುವುದರ ಜೊತೆಗೆ ಅದನ್ನು ಒಡೆಯುವ ಸೂಕ್ಷ್ಮಾಣುಗಳನ್ನೂ ಪೋಷಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಎಡೆಕುಂಟೆಯನ್ನು ಅಟ್ಟಕ್ಕೆ ಏರಿಸಬಾರದು. ಸಾಲಿನ ಮೇಲೆ ಮಾತ್ರ ಔಷಧ ಹೊಡೆದು ಎಡೆಯಲ್ಲಿ ಕುಂಟೆ ಹೊಡೆದರೆ ಔಷಧದ ಖರ್ಚೂ ಶೇಷವೂ ಬಹಳಷ್ಟು ಇಳಿಯುತ್ತವೆ. ಸಂದೇಹ ಬಂದಾಗ ಬೆಂಗಳೂರು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳ ತಜ್ಞರನ್ನು ವಿಚಾರಿಸುವುದು ಲೇಸು.

ಮಠದ ಶಾಲೆಗಳಲ್ಲಿ ಓದುವ ಮಕ್ಕಳು ಬಹುಮಟ್ಟಿಗೆ ಒಕ್ಕಲುಮಕ್ಕಳು. ದಾಸೋಹಕ್ಕೆ ಬರುವ ಜೋಳದ ಚೀಲವೂ ತೊಗರಿಯ ಚೀಲವೂ ಯಾವುದೋ ಭಕ್ತನ ಹೊಲದಲ್ಲಿ ಬೆಳೆದುದು. ಆ ಹೊಲದ ಮಣ್ಣು ಶುದ್ಧವಾಗಿದ್ದರೆ ಪ್ರಸಾದವೂ ಶುದ್ಧ. ಇಂದಿನ ವಿದ್ಯಾರ್ಥಿಯು ನಾಳೆ ಆ ಹೊಲದ ಒಡೆಯನಾಗುತ್ತಾನೆ. ಅವನಿಗೆ ಡಬ್ಬಿಯ ಮೇಲಿನ ಅಕ್ಷರವನ್ನು ಓದುವ ವಿದ್ಯೆಯೂ, ಓದಿದ್ದನ್ನು ತನ್ನ ಮಣ್ಣಿಗೆ ಹೊಂದಿಸಿ ಯೋಚಿಸುವ ವಿವೇಕವೂ ಶಾಲೆಯಲ್ಲಿಯೇ ದೊರೆಯಬೇಕು. ಶಾಲೆಯ ಅಂಗಳದಲ್ಲಿ ಆರು ಕುಂಡಗಳನ್ನಿಟ್ಟು ಸಾಸಿವೆ ಬಿತ್ತಿ ಮೂರು ವಾರ ನೋಡುವ ಪಾಠವು ಯಾವ ಪಠ್ಯಪುಸ್ತಕದ ಪಾಠಕ್ಕೂ ಕಡಿಮೆಯಲ್ಲ. ಭೂಮಿಯನ್ನು ಹಿಂದಿನವರು ಕಾಪಾಡಿ ಕೊಟ್ಟರು. ಇಂದಿನವರು ಅದನ್ನು ಕೆಡದಂತೆ ಮುಂದಿನವರಿಗೆ ಒಪ್ಪಿಸಿದರೆ ಕಾಯಕವು ಪೂರ್ಣವಾದಂತೆ.